ಆಷಾಢದಲ್ಲಿ ಮುಚ್ಚಿಕೊಳ್ಳುವ ಸಂದು

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಉಪ್ಪರಿಗೆಗೆ ಮರದ ನೆಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಗೇಣಗಲದ ಹಲಗೆಗಳು. ಬೇಸಗೆ ರಜೆಯಲ್ಲಿ ಅಲ್ಲಿ ಬೋರಲು ಮಲಗಿ ಎರಡು ಹಲಗೆಗಳ ನಡುವಿನ ಸಂದಿಗೆ ಕಣ್ಣಿಟ್ಟರೆ, ಕೆಳಗೆ ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದ ಅಜ್ಜಿಯ ಬೈತಲೆ ಕಾಣುತ್ತಿತ್ತು. ನಾಲ್ಕಾಣೆ ಪಾವಲಿ ನಿಲ್ಲಿಸಿ ತಳ್ಳಿದರೆ ಸಂದಿಯಲ್ಲಿ ಇಳಿದು ಹೋಗುತ್ತಿತ್ತು. ಒಮ್ಮೆ ಆಷಾಢದಲ್ಲಿ ಹೋದಾಗ ಅದೇ ಸಂದಿಗೆ ಪುಸ್ತಕದ ಹಾಳೆ ತೂರಿಸಲೂ ಆಗಲಿಲ್ಲ. ಅಜ್ಜಿಯೂ ಕಾಣಲಿಲ್ಲ. ಬಾಗಿಲು ರಿಪೇರಿಗೆ ಬಂದಿದ್ದ ಆಚಾರ್ರನ್ನು ಕೇಳಿದೆ.

"ಮಳೆಗಾಲದಲ್ಲಿ ಮುಚ್ಕೋತದೆ, ಬೇಸಗೇಲಿ ಬಿಡ್ತದೆ ತಮ್ಮಾ. ಬೇಸಗೇಲಿ ಬಿಗಿಯಾಗಿ ಹೊಡೆದು ಕೂರಿಸಿದ್ರೆ ಆಷಾಢಕ್ಕೆ ಎದ್ದು ನಿಲ್ತದೆ" ಅಂದರು.

ನಿಜವಾದ ಮರದ ನೆಲಕ್ಕೂ ಅದನ್ನು ಹೋಲುವ ಉಳಿದೆಲ್ಲ ನೆಲಗಳಿಗೂ ಇರುವ ವ್ಯತ್ಯಾಸದ ಬೇರು ಆಚಾರ್ರ ಈ ಮಾತಿನಲ್ಲಿದೆ. ಇವತ್ತು ಬೆಂಗಳೂರಿನ ಯಾವುದೇ ಟೈಲ್ಸ್ ಅಂಗಡಿಗೆ ಹೋದರೂ ಮರದಂತೆ ಕಾಣುವ ಐದಾರು ಬಗೆಯ ನೆಲ ತೋರಿಸುತ್ತಾರೆ. ಗಟ್ಟಿ ಮರ, ಎಂಜಿನಿಯರ್ಡ್ ವುಡ್, ಲ್ಯಾಮಿನೇಟ್, ವಿನೈಲ್, ಮರದ ಚಿತ್ರವಿರುವ ವಿಟ್ರಿಫೈಡ್ ಟೈಲ್. ಎರಡಡಿ ದೂರದಿಂದ ನೋಡಿದರೆ ಎಲ್ಲವೂ ಸಾಗುವಾನಿಯೇ. ಇವುಗಳೊಳಗೆ ಏನಿದೆ ಎಂದು ತಿಳಿಯದೆ ಬಣ್ಣ ನೋಡಿ ಕೊಂಡವರು ಮೊದಲ ಮಳೆಗಾಲದಲ್ಲೇ ಪಶ್ಚಾತ್ತಾಪ ಪಡುವುದನ್ನು ಕಂಡಿದ್ದೇನೆ.

ಮೊದಲು ಮರದ ವಿಷಯ. ಮರವೆಂದರೆ ಒತ್ತೊತ್ತಾಗಿ ಜೋಡಿಸಿದ ಸೂಕ್ಷ್ಮ ಕೊಳವೆಗಳ ಕಟ್ಟು. ಬೇರಿನಿಂದ ಎಲೆಗೆ ನೀರು ಸಾಗಿಸಲು ಹುಟ್ಟಿದ ಕೊಳವೆಗಳು ಅವು. ಸಾಗುವಾನಿಯ ತುಂಡನ್ನು ಅಡ್ಡ ಕೊಯ್ದು ನೋಡಿದರೆ ವರ್ಷವರ್ಷದ ಉಂಗುರದ ಸಾಲಿನಲ್ಲಿ ಈ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಕೊಳವೆಯ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳು ಬಹುಮಟ್ಟಿಗೆ ಮರದ ಉದ್ದಕ್ಕೇ ಮಲಗಿವೆ, ಲಿಗ್ನಿನ್ ಅವನ್ನು ಅಂಟಿನಂತೆ ಹಿಡಿದಿದೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ನೀರಿನ ಕಣಗಳು ಈ ಎಳೆಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತವೆ. ಬಿಗಿದು ಕಟ್ಟಿದ ಹುಲ್ಲಿನ ಕಂತೆಯೊಳಗೆ ಕೈ ತೂರಿಸಿದರೆ ಕಂತೆ ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಮರವೂ ಹಾಗೆಯೇ. ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದರಲ್ಲೂ ಉಂಗುರಗಳ ಸುತ್ತುವ ದಿಕ್ಕಿನಲ್ಲಿ ಹಿಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಹಲಗೆಗಳು ದೋಣಿಯಂತೆ ಸೊಟ್ಟಗಾಗಲು ಈ ಏರುಪೇರೂ ಒಂದು ಕಾರಣ.

ಗಾಳಿಯ ಸಾಪೇಕ್ಷ ತೇವಾಂಶ ಶೇ. 30 ಇದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇ. 6ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೇ. 65ಕ್ಕೆ ಅದು 12 ಆಗುತ್ತದೆ, ಶೇ. 90ಕ್ಕೆ ಸುಮಾರು 20. ಮಲೆನಾಡಿನ ಒಂದು ವರ್ಷದಲ್ಲಿ ಹಲಗೆಯ ತೇವ 8ರಿಂದ 16ಕ್ಕೆ ಏರಿತು ಎಂದಿಟ್ಟುಕೊಳ್ಳಿ. 100 ಮಿ.ಮೀ. ಅಗಲದ ಸಾಗುವಾನಿ ಹಲಗೆ ಸುಮಾರು ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಹಾಸುವ ಕೆಂಪು ಓಕ್ ಮರದ ಅದೇ ಅಳತೆಯ ಹಲಗೆ ಸುಮಾರು ಮೂರು ಮಿ.ಮೀ. ಹತ್ತಡಿ ಅಗಲದ ಕೋಣೆಯ ತುಂಬ ಓಕ್ ಹಾಸಿದ್ದರೆ, ಲೆಕ್ಕದ ಪ್ರಕಾರ, ಇಡೀ ನೆಲ ಒಂಬತ್ತು ಸೆಂಟಿಮೀಟರಿನಷ್ಟು ಜಾಗ ಕೇಳುತ್ತದೆ. ಆ ಜಾಗ ಸಿಗದಿದ್ದರೆ ಹಲಗೆ ಮೇಲೇಳುತ್ತದೆ. ಆಚಾರ್ರಿಗೆ ಈ ಅಂಕಿಗಳು ಬೇಕಿರಲಿಲ್ಲ.

ಅಂಗಡಿಯವರು ಈ ಮಾತನ್ನು ಎತ್ತದೆ ಜಂಕಾ ಸಂಖ್ಯೆಯನ್ನು ಮುಂದಿಡುತ್ತಾರೆ. ಅದು ಗಡಸುತನದ ಅಳತೆ. ಗೇಬ್ರಿಯಲ್ ಜಂಕಾ ಎಂಬ ಆಸ್ಟ್ರಿಯಾದ ಮರವಿಜ್ಞಾನಿ 1906ರಲ್ಲಿ ರೂಪಿಸಿದ ಪರೀಕ್ಷೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧ ಮುಳುಗುವವರೆಗೆ ಮರದೊಳಗೆ ಒತ್ತಲು ಎಷ್ಟು ಭಾರ ಬೇಕು ಎಂದು ನೋಡುತ್ತಾರೆ. ಈ ವಿಚಿತ್ರ ಅಳತೆಗೆ ಕಾರಣವಿದೆ: ಅರ್ಧ ಮುಳುಗಿದ ಗುಂಡು ಮೂಡಿಸುವ ವೃತ್ತದ ವಿಸ್ತೀರ್ಣ ಸರಿಯಾಗಿ ಒಂದು ಚದರ ಸೆಂಟಿಮೀಟರ್. ಕೆಂಪು ಓಕ್‌ಗೆ ಸುಮಾರು 585 ಕಿಲೊ ಭಾರ ಬೇಕು, ಸಾಗುವಾನಿಗೆ ಸುಮಾರು 480. ಬಾಲ್ಸಾ ಎಂಬ ಹಗುರ ಮರಕ್ಕೆ 40 ಕಿಲೊ ಸಾಕು, ಆದರೂ ಸಸ್ಯಶಾಸ್ತ್ರದ ಪ್ರಕಾರ ಬಾಲ್ಸಾ ಕೂಡ ಹಾರ್ಡ್‌ವುಡ್ಡೇ. ಹೂ ಬಿಡುವ ಅಗಲ ಎಲೆಯ ಮರಗಳಿಗೆಲ್ಲ ಆ ಹೆಸರು. ಗಡಸುತನದಲ್ಲಿ ಓಕ್ ಮುಂದಿದ್ದರೂ ನಮ್ಮ ಹವೆಗೆ ನಾನು ಸಾಗುವಾನಿಯನ್ನೇ ಆರಿಸುತ್ತೇನೆ. ಅದು ಓಕ್‌ನ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಅದರ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಾಢ ಬಣ್ಣದ ಭಾಗದಲ್ಲಿರುವ ಟೆಕ್ಟೋಕ್ವಿನೋನ್ ಎಂಬ ವಸ್ತು ಗೆದ್ದಲನ್ನು ದೂರವಿಡುತ್ತದೆ. ಚೇಗು ಎಂದು ಒತ್ತಿ ಹೇಳಬೇಕು. ಹೊರಗಿನ ಬಿಳಿ ಭಾಗಕ್ಕೆ ಈ ರಕ್ಷಣೆ ಇಲ್ಲ, ಸಾಗುವಾನಿ ಎಂಬ ಹೆಸರಿದ್ದ ಮಾತ್ರಕ್ಕೆ ಗೆದ್ದಲು ಅದನ್ನು ಬಿಡುವುದಿಲ್ಲ.

ಇನ್ನು ಲ್ಯಾಮಿನೇಟ್. ಇದು ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿಯಲ್ಲಿ 1977ರಲ್ಲಿ ಹುಟ್ಟಿತು. ಪೆರ್ಗೋ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಇದರ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ನಡುವೆ ಕಂದು ಬಣ್ಣದ, ಒತ್ತಿದ ರಟ್ಟಿನಂಥ ಪದರ ಕಾಣುತ್ತದೆ. ಅದು ಮರವನ್ನು ನಾರುನಾರಾಗಿ ಪುಡಿ ಮಾಡಿ, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿದ ಎಚ್‌ಡಿಎಫ್. ಅದರ ಮೇಲಿರುವ ಸಾಗುವಾನಿ ಒಂದು ಕಾಗದ. ಛಾಯಾಚಿತ್ರ ಅಚ್ಚು ಹಾಕಿದ ಕಾಗದ. ಅದರ ಮೇಲೆ ಮೆಲಮೈನ್ ರಾಳದ ಪಾರದರ್ಶಕ ಪೊರೆ, ಪೊರೆಯೊಳಗೆ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳು. ಮಾಣಿಕ್ಯ, ನೀಲಮಣಿಗಳು ಆಗಿರುವುದೂ ಇದೇ ವಸ್ತುವಿನಿಂದ. ಆದ್ದರಿಂದ ಕುರ್ಚಿ ಎಳೆದಾಟಕ್ಕೆ, ನಾಯಿಯ ಉಗುರಿಗೆ ಲ್ಯಾಮಿನೇಟ್ ತೋರುವ ತಾಳ್ಮೆ ಅಸಲಿ ಮರಕ್ಕೆ ಇಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ನೀರು ಬಿದ್ದರೆ ಕಥೆ ಬೇರೆ. ನನ್ನ ತಮ್ಮನ ಫ್ಲ್ಯಾಟಿನಲ್ಲಿ ವಾಷಿಂಗ್ ಮೆಷಿನ್ನಿನ ಪೈಪು ಸಡಿಲಾಗಿ ರಾತ್ರಿಯಿಡೀ ನೀರು ಸೋರಿತು. ಬೆಳಗ್ಗೆ ಒರೆಸಿ, ಫ್ಯಾನ್ ಹಾಕಿ ಒಣಗಿಸಿದರು. ಎರಡು ದಿನದಲ್ಲಿ ಪಕ್ಕದ ಕೋಣೆಯ ಹಲಗೆಗಳ ಅಂಚುಗಳೆಲ್ಲ ತುಟಿ ಊದಿದಂತೆ ಎದ್ದವು. ಮತ್ತೆ ಕೂರಲೇ ಇಲ್ಲ. ಮರದ ಹಲಗೆ ಉಬ್ಬಿದರೆ ಒಣಗಿದಾಗ ಬಹುಪಾಲು ಹಿಂದಿನ ಸ್ಥಿತಿಗೆ ಬರುತ್ತದೆ, ಯಾಕೆಂದರೆ ಎಳೆಗಳ ಜೋಡಣೆ ಹಾಗೇ ಇರುತ್ತದೆ. ಎಚ್‌ಡಿಎಫ್‌ನಲ್ಲಿ ನಾರುಗಳನ್ನು ಬಲವಂತವಾಗಿ ಒತ್ತಿ ಕೂರಿಸಲಾಗಿದೆ. ನೀರು ಸೇರಿದಾಗ ಅವು ಆ ಒತ್ತಡದಿಂದ ಬಿಡಿಸಿಕೊಳ್ಳುತ್ತವೆ, ಮತ್ತೆ ಒತ್ತಲು ಯಂತ್ರ ಎಲ್ಲಿಂದ ಬರಬೇಕು? ಉಬ್ಬಿದ್ದನ್ನು ಉಜ್ಜಿ ಸಮ ಮಾಡಲೂ ಆಗದು, ಉಜ್ಜಿದರೆ ಕಾಗದವೇ ಹೋಗುತ್ತದೆ. ಅಸಲಿ ಮರದ ಹಲಗೆ 18 ಮಿ.ಮೀ. ದಪ್ಪವಿದ್ದರೆ ಅದರಲ್ಲಿ ಐದಾರು ಮಿ.ಮೀ. ಉಜ್ಜಲು ಸಿಗುತ್ತದೆ. ಒಂದು ಸಲಕ್ಕೆ ಒಂದು ಮಿ.ಮೀ. ಹೋದರೂ ಮೊಮ್ಮಕ್ಕಳವರೆಗೆ ಹೊಸ ನೆಲ.

ಲ್ಯಾಮಿನೇಟಿನ ಅಂಟಿನ ಬಗ್ಗೆಯೂ ಒಂದು ಮಾತು. ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತದೆ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಹೆಚ್ಚು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೊಳ್ಳುವಾಗ ಈ ಅನಿಲವನ್ನು ಕಡಿಮೆ ಬಿಡುವ ಇ1 ದರ್ಜೆ ಅಥವಾ ಅದಕ್ಕಿಂತ ಬಿಗಿಯಾದದ್ದನ್ನೇ ಕೇಳಿ, ಮೊದಲ ಕೆಲವು ತಿಂಗಳು ಕಿಟಕಿ ತೆರೆದಿಡಿ. ಮನೆಯಲ್ಲಿ ಕೂಸು ಇದ್ದರಂತೂ ಇದನ್ನು ಖಂಡಿತ ಮರೆಯಬೇಡಿ.

ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಈಗ ಎಸ್‌ಪಿಸಿ ಎಂದು ಮಾರುವುದರಲ್ಲಿ ಪಿವಿಸಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಗಟ್ಟಿ ಮಾಡಿರುತ್ತಾರೆ. ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಹಿಗ್ಗುತ್ತದೆ. ಚಿತ್ರದ ಮೇಲಿನ ರಕ್ಷಣೆಯ ಪದರ ಅರ್ಧ ಮಿ.ಮೀ. ಇದ್ದರೆ ಒಳ್ಳೆಯದು. ಅದು ಸವೆದ ದಿನ ನೆಲ ಕಸದ ರಾಶಿಗೆ ಹೋಗುತ್ತದೆ, ಮಣ್ಣಲ್ಲಿ ಕರಗುವುದಿಲ್ಲ.

ಪ್ಲಾಸ್ಟಿಕ್ ಬರುವ ಮೊದಲು ಅದರ ಜಾಗದಲ್ಲಿ ಇದ್ದದ್ದು ಲಿನೋಲಿಯಂ. ನನಗೆ ತುಂಬ ಇಷ್ಟವಾದ ವಸ್ತು ಅದು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅದನ್ನು ರೂಪಿಸಿದ. ಅಗಸೆ ಎಣ್ಣೆ ಬೆರೆಸಿದ ಬಣ್ಣದ ಡಬ್ಬಿಯ ಬಾಯಲ್ಲಿ ರಬ್ಬರಿನಂಥ ಕೆನೆ ಕಟ್ಟಿದ್ದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆ ಕೆನೆಗೆ ರಾಳ, ಬೆಂಡಿನ ಪುಡಿ, ಮರದ ಹಿಟ್ಟು ಸೇರಿಸಿ ಗೋಣಿಯ ಬಟ್ಟೆಯ ಮೇಲೆ ಒತ್ತಿದರೆ ಲಿನೋಲಿಯಂ. ನಮ್ಮ ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅದೇ ಅಗಸೆ. ಇವತ್ತು ಅಂಗಡಿಯಲ್ಲಿ ಸುರುಳಿ ಸುತ್ತಿ ಮಾರುವ ಹಾಳೆಗಳು ಬಹುಮಟ್ಟಿಗೆ ವಿನೈಲ್.

ಮರದ ಚಿತ್ರದ ಟೈಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು, ಗೆದ್ದಲು, ಬೆಂಕಿ ಯಾವುದಕ್ಕೂ ಅದು ಹೆದರುವುದಿಲ್ಲ. ವಿಟ್ರಿಫೈಡ್ ಟೈಲ್ ಹೀರುವ ನೀರು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ. ಇಂಕ್‌ಜೆಟ್ ಮುದ್ರಣ ಟೈಲಿಗೆ ಬಂದ ಮೇಲೆ ಚಿತ್ರವೂ ಚೆನ್ನಾಗಿ ಮೂಡುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಒಂದೇ ಗಂಟು ನಾಲ್ಕು ಕಡೆ ಸಿಗುತ್ತದೆ, ಅಷ್ಟೆ. ಆದರೆ ಕಾಲಿಟ್ಟ ಕೂಡಲೇ ಗುಟ್ಟು ಬಯಲಾಗುತ್ತದೆ.

ಯಾಕೆ? ಡಿಸೆಂಬರಿನ ಬೆಳಗ್ಗೆ ಕೋಣೆಯ ಎಲ್ಲ ವಸ್ತುಗಳೂ 22 ಡಿಗ್ರಿ ಇವೆ, ನಿಮ್ಮ ಅಂಗಾಲು 30 ಡಿಗ್ರಿ ಇದೆ ಎನ್ನಿ. ಥರ್ಮಾಮೀಟರಿನ ಲೆಕ್ಕದಲ್ಲಿ ಮರವೂ ಗ್ರಾನೈಟೂ ಒಂದೇ. ಕಾಲಿಗೆ ತಿಳಿಯುವುದು ನೆಲದ ಉಷ್ಣತೆಯಲ್ಲ, ಕಾಲಿನಿಂದ ಎಷ್ಟು ವೇಗವಾಗಿ ಶಾಖ ಹೋಗುತ್ತಿದೆ ಎಂಬುದು. ಈ ಶಾಖ ಸೆಳೆಯುವ ಗುಣ ವಸ್ತುವಿನ ಶಾಖವಾಹಕತೆ, ಸಾಂದ್ರತೆ, ಶಾಖ ಹಿಡಿದಿಡುವ ಶಕ್ತಿ ಮೂರನ್ನೂ ಅವಲಂಬಿಸಿದೆ. ಗ್ರಾನೈಟಿನಲ್ಲಿ ಅದು ಮರದ ಐದು ಪಟ್ಟು. ಲೆಕ್ಕ ಹಾಕಿದರೆ ಗ್ರಾನೈಟಿಗೆ ತಾಗಿದ ಕ್ಷಣ ಅಂಗಾಲಿನ ಮೇಲ್ಮೈ ಸುಮಾರು 25 ಡಿಗ್ರಿಗೆ ಇಳಿಯುತ್ತದೆ. ಟೈಲಿನ ಮೇಲೆ 25ರಿಂದ 26, ಮರದ ಮೇಲೆ ಸುಮಾರು 28. ಆ ಕೊಳವೆಗಳೊಳಗೆ ನಿಂತ ಗಾಳಿ ಶಾಖವನ್ನು ತಡೆಯುತ್ತದೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡುವ ನಮಗೆ ಈ ಎರಡು ಮೂರು ಡಿಗ್ರಿ ದೊಡ್ಡ ವಿಷಯ. ಬೂಟು ಹಾಕಿಕೊಂಡೇ ಮನೆಯೊಳಗೆ ಬರುವವರಿಗಿಂತ ನಮಗೇ ಮರದ ನೆಲದ ಸುಖ ಹೆಚ್ಚು ಗೊತ್ತಾಗುತ್ತದೆ.

ಅದೇ ನಾವು ದಿನಾ ಬಕೆಟ್ ನೀರಿನಲ್ಲಿ ನೆಲ ಒರೆಸುವವರು ಕೂಡ. ಹಾಗಾದರೆ ಮಲೆನಾಡಿನ ಹಿರಿಯರು ಏನು ಮಾಡಿದ್ದರು? ಸುತ್ತ ಕಾಡಿತ್ತು, ಹೊನ್ನೆ ಮತ್ತಿಗಳಿದ್ದವು. ಆದರೂ ನಮ್ಮ ಅಜ್ಜನ ಮನೆಯ ಕೆಳಗಿನ ನೆಲಕ್ಕೆ ಮರ ಹಾಕಿಲ್ಲ. ಅಲ್ಲಿ ಮೊದಲು ಸಗಣಿ ಸಾರಿಸಿದ ಮಣ್ಣು, ಆಮೇಲೆ ಗಾರೆ, ಅದರ ನಂತರ ಕೆಂಪು ರೆಡ್ ಆಕ್ಸೈಡ್. ಮರ ಇರುವುದು ಉಪ್ಪರಿಗೆಯಲ್ಲಿ. ಅಲ್ಲಿ ಹಲಗೆಯ ಮೇಲೂ ಗಾಳಿ, ಕೆಳಗೂ ಗಾಳಿ. ಎರಡೂ ಮುಖ ಸಮವಾಗಿ ತೇವ ಹೀರಿ ಸಮವಾಗಿ ಒಣಗುತ್ತವೆ, ಆದ್ದರಿಂದ ಸೊಟ್ಟಗಾಗುವುದು ಕಡಿಮೆ. ಕೆಳಗೆ ಒಲೆ ಉರಿಯುವುದರಿಂದ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಗೆದ್ದಲಿಗೆ ಮಣ್ಣಿನಿಂದ ನೇರ ದಾರಿ ಇಲ್ಲ. ಇಂದು ನಾವು ನೆಲಮಹಡಿಯ ತೇವದ ಕಾಂಕ್ರೀಟಿನ ಮೇಲೆ ಹಲಗೆ ಅಂಟಿಸಿ, ಅಡಿಯಿಂದ ನೀರು ಕುಡಿಸಿ, ಮೇಲೆ ಪಾಲಿಶ್ ಬಳಿದು ಉಸಿರು ಕಟ್ಟಿಸಿ, ಆಮೇಲೆ ಮರ ಕೆಟ್ಟಿತು ಎಂದು ದೂರುತ್ತೇವೆ. ನೆಲಮಹಡಿಗೆ ರೆಡ್ ಆಕ್ಸೈಡ್ ಅಥವಾ ಕಲ್ಲು, ಮೇಲಿನ ಮಲಗುವ ಕೋಣೆಗೆ ಮರ ಎಂಬುದೇ ನನ್ನ ಸಲಹೆ. ರೆಡ್ ಆಕ್ಸೈಡ್ ಯಾವುದನ್ನೂ ಅನುಕರಿಸುವುದಿಲ್ಲ, ಕಾಲಾಡಿದಷ್ಟೂ ಹೊಳೆಯುತ್ತದೆ.

ತಮ್ಮ ಊದಿದ ಲ್ಯಾಮಿನೇಟನ್ನು ಕಿತ್ತ ಮೇಲೆ ನಾಲ್ಕನೇ ಮಹಡಿಯ ಆ ಕೋಣೆಗೆ ಎಂಜಿನಿಯರ್ಡ್ ವುಡ್ ಹಾಕಿಸಿದ. ಮೇಲೆ ನಾಲ್ಕು ಮಿ.ಮೀ. ದಪ್ಪದ ನಿಜವಾದ ಸಾಗುವಾನಿ, ಅಡಿಯಲ್ಲಿ ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದ ಪ್ಲೈವುಡ್ ಪದರಗಳು. ಮರ ಉದ್ದಕ್ಕೆ ಹಿಗ್ಗುವುದಿಲ್ಲವಲ್ಲ, ಒಂದು ಪದರದ ಉದ್ದ ಇನ್ನೊಂದರ ಅಗಲವನ್ನು ಹಿಡಿದು ನಿಲ್ಲಿಸುತ್ತದೆ. ಒಂದೆರಡು ಸಲ ಉಜ್ಜಲೂ ಬರುತ್ತದೆ. ಹಾಸಲು ಬಂದವನು ಗೋಡೆಯ ಸುತ್ತ 10 ಮಿ.ಮೀ. ಖಾಲಿ ಬಿಟ್ಟ. "ಅಷ್ಟು ಜಾಗ ಯಾಕಪ್ಪಾ ವೇಸ್ಟು?" ಎಂದು ನಾದಿನಿ ಕೇಳಿದಳು. "ಮಳೆಗಾಲಕ್ಕೆ ಬೇಕಲ್ಲಾ ಮೇಡಂ" ಎಂದು ಹೇಳಿ ಸ್ಕರ್ಟಿಂಗ್ ಹೊಡೆದು ಮುಚ್ಚಿದ.

ಕಳೆದ ಶ್ರಾವಣದಲ್ಲಿ ಒಂದು ಮೂಲೆಯ ಸ್ಕರ್ಟಿಂಗ್ ಬಿಚ್ಚಿ ಅಳತೆಪಟ್ಟಿ ಇಟ್ಟು ನೋಡಿದೆವು. ಸಂದು ಏಳು ಮಿ.ಮೀ. ಉಳಿದಿತ್ತು.