ಡೌಟ್ ಒತ್ತಿದರೆ ಫೆಲ್ಪ್ಸ್ ಯಾಕೆ ಚೀರುತ್ತಿದ್ದ?

2012ರ ಸುಮಾರಿಗೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಬಾಡಿಗೆ ರೂಮಿನಲ್ಲಿ ನಾವು ನಾಲ್ವರು ಗಿರ್ಮಿಟ್ ತಿನ್ನುತ್ತ ಕೊಲೆಗಾರರನ್ನು ಹಿಡಿಯುತ್ತಿದ್ದೆವು. ಕಂಪ್ಯೂಟರ್ ಆಟದ ಹೆಸರು ‘ಎಲ್.ಎ. ನ್ವಾರ್’. 1947ರ ಲಾಸ್ ಏಂಜಲೀಸ್, ಯುದ್ಧ ಮುಗಿಸಿ ಬಂದು ಪೊಲೀಸ್ ಆದ ಕೋಲ್ ಫೆಲ್ಪ್ಸ್. ಹೆಣದ ಸುತ್ತ ಸಾಕ್ಷ್ಯ ಹೆಕ್ಕಬೇಕು. ಆಮೇಲೆ ಎದುರಿಗೆ ಕೂತವರ ಮುಖ ನೋಡಿ ಟ್ರೂತ್, ಡೌಟ್, ಲೈ ಮೂರರಲ್ಲಿ ಒಂದನ್ನು ಒತ್ತಬೇಕು. ಕೀಬೋರ್ಡ್ ಒಬ್ಬನದು, ತೀರ್ಪು ಎಲ್ಲರದು. ‘ಆಕಿ ಕಣ್ಣ ತಿರುವಿದ್ಲು ನೋಡಲೇ, ಸುಳ್ಳ ಹೇಳಾಕತ್ತಾಳ!’

ಅರ್ಥವಾಗದೇ ಉಳಿದದ್ದು ಒಂದೇ. ಏನೋ ಚೂರು ಅನುಮಾನ ಅಂತ ಡೌಟ್ ಒತ್ತಿದರೆ, ಅಲ್ಲಿಯವರೆಗೆ ಮರ್ಯಾದೆಯಿಂದ ಮಾತಾಡುತ್ತಿದ್ದ ಫೆಲ್ಪ್ಸ್ ಮೈಮೇಲೆ ದೇವರು ಬಂದವನ ಹಾಗೆ ಚೀರುತ್ತಿದ್ದ. ಎದುರಿಗಿರುವವಳು ಅಳುತ್ತ ಕೂತಿದ್ದರೂ ಅಷ್ಟೇ. ಖಾನಾವಳಿಯಲ್ಲಿ ರೊಟ್ಟಿಯ ಲೆಕ್ಕ ತಪ್ಪಿದರೆ ನಾವೂ ‘ಡೌಟ್!’ ಅಂತ ಮೇಜು ಕುಟ್ಟುತ್ತಿದ್ದೆವು.

ಆ ನಾಲ್ವರಲ್ಲಿ ಒಬ್ಬ ಈಗ ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲ. ಈಚೆಗೆ ಸಪ್ತಾಪುರದ ಅವನ ಮನೆಯಲ್ಲಿ, ಪ್ಲೇಸ್ಟೇಷನ್ನಿನಲ್ಲಿ, ಅದೇ ಆಟವನ್ನು ಮತ್ತೆ ತೆರೆದೆವು. ಬಟನ್ನುಗಳ ಹೆಸರೇ ಬೇರೆ: ಗುಡ್ ಕಾಪ್, ಬ್ಯಾಡ್ ಕಾಪ್, ಅಕ್ಯೂಸ್. ಇದು 2017ರಲ್ಲಿ ಬಂದ ಹೊಸ ಆವೃತ್ತಿ. ಡೌಟ್ ಇದ್ದ ಜಾಗದಲ್ಲಿ ಬ್ಯಾಡ್ ಕಾಪ್, ಅಂದರೆ ಗದರಿಸುವ ಪೊಲೀಸ್. ಚೀರಾಟ ಹಳೆಯದೇ, ಈಗ ಅದಕ್ಕೆ ಒಪ್ಪುವ ಹೆಸರು ಬಂದಿದೆ.

ಕಾರಣ ತಮಾಷೆಯದು. ಚಿತ್ರೀಕರಣದ ಹೊತ್ತಿಗೆ ಆ ನಡುವಿನ ಆಯ್ಕೆಯ ಹೆಸರು ‘ಫೋರ್ಸ್’, ಅಂದರೆ ಜಬರದಸ್ತಿ. ಫೆಲ್ಪ್ಸ್ ಪಾತ್ರದ ಆ್ಯರನ್ ಸ್ಟೇಟನ್ ಅದಕ್ಕೆ ತಕ್ಕಂತೆ ಗದರಿದ್ದರು. ಬಿಡುಗಡೆಗೆ ಮುಂಚೆ ಹೆಸರು ಬದಲಾಯಿತು, ಅಭಿನಯ ಹಾಗೇ ಉಳಿಯಿತು. ನಟನ ತಲೆಯ ಸುತ್ತ 32 ಕ್ಯಾಮೆರಾ ಇಟ್ಟು, ಮುಖ ಮತ್ತು ದನಿ ಎರಡನ್ನೂ ಒಟ್ಟಿಗೆ ಹಿಡಿಯುವ ಮೋಷನ್‌ಸ್ಕ್ಯಾನ್ ಅಲ್ಲಿಯ ತಂತ್ರ. ಒಂದು ಸಾಲು ತಿದ್ದಬೇಕೆಂದರೆ ನಟನನ್ನು ಮತ್ತೆ ಕುರ್ಚಿಗೆ ಕರೆಯಬೇಕು. ಹೆಸರು ಬದಲಿಸುವುದೇ ಅಗ್ಗ ಅಂತ ನನ್ನ ಊಹೆ.

ಒಂದು ಪದ ಇಷ್ಟು ಭಾರ ಹೊರಬೇಕಾದ ಕಥೆ ಇನ್ನೂ ಹಳೆಯದು. 1980ರಲ್ಲಿ ರೋಬರ್ಟಾ ವಿಲಿಯಮ್ಸ್ ‘ಮಿಸ್ಟರಿ ಹೌಸ್’ ಎಂಬ ಕೊಲೆ ಪತ್ತೆಯ ಆಟ ಮಾಡಿದಾಗ ತೆರೆಯ ಮೇಲೆ ಗೆರೆಚಿತ್ರ. ಏನು ಮಾಡಬೇಕೆಂಬುದನ್ನು ಆಡುವವರೇ ಟೈಪ್ ಮಾಡಬೇಕಿತ್ತು. 1982ರ ‘ಡೆಡ್‌ಲೈನ್’ನಲ್ಲಿ ಚಿತ್ರವೂ ಇರಲಿಲ್ಲ. ಡಿಸ್ಕಿನಲ್ಲಿ ಹಿಡಿಸದ ವಿಚಾರಣೆಯ ವಿವರಗಳನ್ನು ಕಾಗದದಲ್ಲೇ ಮುದ್ರಿಸಿ ಡಬ್ಬಿಯೊಳಗೆ ಇಟ್ಟುಕೊಟ್ಟಿದ್ದರು! ಜಪಾನಿನಲ್ಲಿ ಯೂಜಿ ಹೋರಿಯವರ ‘ಪೋರ್ಟೊಪಿಯಾ’ 1983ರಲ್ಲಿ ಟೈಪ್ ಮಾಡುವ ಆಟವಾಗಿಯೇ ಬಂತು. 1985ರಲ್ಲಿ ಕೀಬೋರ್ಡ್ ಇಲ್ಲದೆ ಆಡುವ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಅದನ್ನು ತಂದಾಗ ಆಜ್ಞೆಗಳ ಪಟ್ಟಿ ಬಂತು. ಪಟ್ಟಿಯಲ್ಲಿ ಇದ್ದದ್ದನ್ನಷ್ಟೇ ಕೇಳಬಹುದು. ಕಲಿಯದವರಿಗೂ ಕೈಗೆಟುಕುವಂತಾಯಿತು, ಅದೇ ಹೊತ್ತಿಗೆ ಪ್ರಶ್ನೆ ನಮ್ಮ ಕೈತಪ್ಪಿತು. 2011ರಲ್ಲಿ ‘ಎಲ್.ಎ. ನ್ವಾರ್’ ಬರುವ ಹೊತ್ತಿಗೆ ಉಳಿದದ್ದು ಮೂರು ಬಟನ್.

ಆ ಮೂರು ಬಟನ್ನಿನ ಆಟಕ್ಕೆ ಸಿಡ್ನಿಯ ಟೀಮ್ ಬಾಂಡಿ ಎಂಬ ಕಂಪನಿ ಏಳು ವರ್ಷ ತೆಗೆದುಕೊಂಡಿತ್ತು. ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವಕ್ಕೂ ಆಟ ಹೋಗಿಬಂತು. ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ದುಡಿದವರು ಹಗಲು ರಾತ್ರಿಯ ದುಡಿಮೆಯ ದೂರು ಹೇಳಿದರು. ನೂರಕ್ಕೂ ಹೆಚ್ಚು ಜನರ ಹೆಸರು ಆಟದ ಕೊನೆಯ ಪಟ್ಟಿಯಲ್ಲಿ ಇರಲಿಲ್ಲ ಅಂದರು. ವರ್ಷ ಮುಗಿಯುವುದರೊಳಗೆ ಕಂಪನಿಯೇ ಮುಚ್ಚಿತು. ವಿದ್ಯಾನಗರದಲ್ಲಿ ನಾವು ಆಡುವಾಗ ಅದು ಆಗಲೇ ಇತಿಹಾಸ. ನಮಗೇನು ಗೊತ್ತು.

ವಕೀಲ ಗೆಳೆಯನಿಗೆ ಬೇರೆಯದೇ ತಕರಾರು. ‘ಪೊಲೀಸರ ಮುಂದ ಒಪ್ಪಿಕೊಂಡಿದ್ದು ನಮ್ಮ ಕೋರ್ಟಿನ್ಯಾಗ ನಡೆಯಂಗಿಲ್ಲಲೇ. ಇವಾ ಎಷ್ಟ ಚೀರಿದ್ರೂ ಉಪಯೋಗಿಲ್ಲ.’ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳಿದ್ದು ಅದನ್ನೇ. 2024ರ ಜುಲೈನಲ್ಲಿ ಹೊಸ ಕಾಯ್ದೆ ಬಂದರೂ ಆ ಮಾತು ಉಳಿದಿದೆ. ಹಾಗಂತ ಮುಖಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಸಾಕ್ಷಿಯ ಹಾವಭಾವ ಮುಖ್ಯವೆನಿಸಿದರೆ ನ್ಯಾಯಾಧೀಶರು ಬರೆದಿಡಬೇಕೆಂದು ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 280ನೇ ಕಲಮು ಹೇಳುತ್ತಿತ್ತು. ಆಟದಲ್ಲಿ ಮಾತ್ರ ಸುಳ್ಳು ಹೇಳುವವರೆಲ್ಲ ಬಯಲಾಟದ ಪಾತ್ರಗಳ ಹಾಗೆ ಕಣ್ಣು ಹೊರಳಿಸುತ್ತಾರೆ. ಅಂದು ಬೆರಗಾಗಿದ್ದ ಅಭಿನಯಕ್ಕೆ ಈ ಸಲ ನಗು ಬಂತು.

ನಗು ಬಾರದ ಭಾಗವೂ ಇದೆ. (ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸಬಹುದು.) ‘ಗೋಲ್ಡನ್ ಬಟರ್‌ಫ್ಲೈ’ ಪ್ರಕರಣದಲ್ಲಿ ಇಬ್ಬರು ಆರೋಪಿಗಳು: ಸತ್ತವಳ ಗಂಡ ಹ್ಯೂಗೋ ಮೋಲರ್, ಮತ್ತು ಮಕ್ಕಳ ಮೇಲೆ ಕೈಹಾಕುವ ಚರಿತ್ರೆಯ ಈಲೈ ರೂನಿ. ಕ್ಯಾಪ್ಟನ್‌ಗೆ ರೂನಿಯೇ ಬೇಕು. ಅವನ ಮೇಲೆ ಹೊರಿಸಿದರೆ ಆಟ ಕೊಡುವುದು ಐದಕ್ಕೆ ಐದು ನಕ್ಷತ್ರ. ಕೊಂದವನು ಇಬ್ಬರೂ ಅಲ್ಲ ಎಂಬುದು ಎಷ್ಟೋ ಪ್ರಕರಣ ಕಳೆದ ಮೇಲೆ ತಿಳಿಯುತ್ತದೆ. ಅಂದು ನಾಲ್ವರೂ ಆಟವನ್ನು ಬೈದಿದ್ದೆವು, ಮೋಸ ಅಂತ. ಈಗ ನನಗೆ ಇಡೀ ಆಟದಲ್ಲಿ ಗಟ್ಟಿಯಾಗಿ ನಿಂತಿರುವುದು ಇದೊಂದೇ ಅನಿಸುತ್ತದೆ.

ಮೋಲರ್, ರೂನಿ ಇಬ್ಬರನ್ನೂ ವಿಚಾರಿಸಿ ಮುಗಿಯಿತು. ಯಾರೆಂದು ಹೇಳು ಅಂತ ಆಟ ಕಾಯುತ್ತಿತ್ತು. ಗೆಳೆಯ ಕಂಟ್ರೋಲರನ್ನು ತೊಡೆಯ ಮೇಲಿಟ್ಟು, ‘ಇಬ್ಬರ್ನೂ ಬಿಟ್ಟಬಿಡೂಣು’ ಅಂದ. ಅದಕ್ಕೆ ಬಟನ್ ಇರಲಿಲ್ಲ.