ಬೋನಿ ಎಂ ಕ್ರಿಸ್‌ಮಸ್ ಹಾಡುಗಳನ್ನು ಹಾಡಿದ್ದು ಯಾರು?

"ಸರ್, ಬೋನಿ ಎಂ ಕ್ರಿಸ್‌ಮಸ್ ಕ್ಯಾಸೆಟ್ಟು ನಮ್ಮ ಮನೆಯಲ್ಲೂ ಇತ್ತು. ಆದರೆ ಆ ನಾಲ್ಕೂ ಜನ ಹಾಡೇ ಇಲ್ಲವಂತೆ, ಬರೀ ಬಾಯಿ ಆಡಿಸಿದ್ದಂತೆ. ಹೌದಾ?"

ಡಿಸೆಂಬರ್ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಕೇಳುವವರು ಬೇರೆ ಬೇರೆ, ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಫೋನಿನಲ್ಲಿ ಹೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಪತ್ರ ಬರೆದೂ ಹೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಒಂದೇ ಕಡೆ ಪೂರ್ತಿ ಬರೆದುಬಿಡುತ್ತೇನೆ.

ಬೋನಿ ಎಂ ಅಂದರೆ 1970ರ ದಶಕದ ಡಿಸ್ಕೊ ತಂಡ, ಮೂವರು ಹೆಂಗಸರು, ಒಬ್ಬ ಗಂಡಸು. ಚಿಕ್ಕ ಉತ್ತರ ಇಷ್ಟು. ನಾಲ್ವರಲ್ಲಿ ಇಬ್ಬರು ಹಾಡಿದ್ದಾರೆ, ಇಬ್ಬರು ಹಾಡಿಲ್ಲ. ಲಿಜ್ ಮಿಚೆಲ್ ಮತ್ತು ಮಾರ್ಷಿಯಾ ಬ್ಯಾರೆಟ್ ಹಾಡಿದವರು. ಮೇಜಿ ವಿಲಿಯಮ್ಸ್ ಮತ್ತು ಬಾಬಿ ಫ್ಯಾರೆಲ್ ರೆಕಾರ್ಡ್‌ಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಂಡು ದನಿ ಫ್ರಾಂಕ್ ಫರಿಯಾನ್ ಎಂಬ ಜರ್ಮನ್ ನಿರ್ಮಾಪಕನದು. ತಂಡ ಕಟ್ಟಿದವನೂ ಅವನೇ.

ಇಷ್ಟು ಹೇಳಿದರೆ ಕೇಳಿದವರು "ಹಾಗಾದ್ರೆ ಮೋಸವೇ ಅಲ್ವಾ?" ಅಂತ ಎದ್ದುಬಿಡುತ್ತಾರೆ. ದಯವಿಟ್ಟು ಕೂತುಕೊಳ್ಳಿ. ನನ್ನ ಜಗಳ ಇರುವುದೇ ಇಲ್ಲಿ.

"ಬೋನಿ ಎಂ ಹಾಡಲೇ ಇಲ್ಲ" ಎಂಬ ಮಾತು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಅದು ಇನ್ನೊಂದು ತಂಡದ ಕಥೆ. 1980ರ ದಶಕದ ಕೊನೆಯಲ್ಲಿ ಇದೇ ಫರಿಯಾನ್ ಮಿಲಿ ವನಿಲಿ ಅಂತ ಒಂದು ಜೋಡಿಯನ್ನು ಮುಂದೆ ತಂದ. ನೋಡಲು ಚೆಂದದ ಇಬ್ಬರು ಹುಡುಗರು. ಅವರಿಗೆ 1990ರಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದೇ ವರ್ಷ ನವೆಂಬರ್‌ನಲ್ಲಿ, ರೆಕಾರ್ಡಿನಲ್ಲಿರುವುದು ಅವರಿಬ್ಬರ ದನಿಯೇ ಅಲ್ಲ ಅಂತ ಫರಿಯಾನ್ ಒಪ್ಪಿಕೊಂಡ. ಪ್ರಶಸ್ತಿ ವಾಪಸ್ ಹೋಯಿತು. ಜಗತ್ತೆಲ್ಲ ಸುದ್ದಿ. ಅಲ್ಲಿಂದ ಜನ ಹಿಂದಕ್ಕೆ ಲೆಕ್ಕ ಹಾಕತೊಡಗಿದರು. ಅವನೇ ನಿರ್ಮಾಪಕ, ಹಾಗಾದರೆ ಬೋನಿ ಎಂ ಕೂಡ ಹಾಗೇ ಇರಬೇಕು ಅಂತ. ಎರಡು ಕಥೆ ಕಲಸಿಹೋದವು. ನಮ್ಮ ಕಡೆಗೆ ಬರುವಷ್ಟರಲ್ಲಿ ಲಿಜ್ ಮಿಚೆಲ್ ಕೂಡ "ಬಾಯಾಡಿಸಿದವಳು" ಆಗಿಬಿಟ್ಟಳು.

ಇದು ನನಗೆ ನಿಜಕ್ಕೂ ಸಂಕಟದ ಮಾತು. ಈ ಹಾಡುಗಳನ್ನು ನಾವು ನಾಲ್ಕು ದಶಕ ಕೇಳಿದ್ದೇ ಆಕೆಯ ಗಂಟಲಿನಿಂದ. ಆಕೆಯ ಹೆಸರನ್ನೇ ಅಳಿಸಿದರೆ ಹೇಗೆ?

ಒಂದು ಸಣ್ಣ ಪರೀಕ್ಷೆ ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಎಲ್ಲ ದನಿಗಳೂ ಮುದ್ದೆಯಾಗಿ ಕೇಳಿಸುತ್ತವೆ. ಮೊದಲು 'ಮೇರೀಸ್ ಬಾಯ್ ಚೈಲ್ಡ್' ಹಾಕಿ. ಬೆತ್ಲೆಹೆಮಿನ ಕಥೆ ಹೇಳುವ ಸಾಲುಗಳಲ್ಲಿ ಒಂದೇ ಒಂದು ಹೆಣ್ಣು ದನಿ ಮುಂದೆ ಬರುತ್ತದೆ. ದುಂಡಗೆ, ಬಿಸಿಯಾಗಿ, ಎಲ್ಲೂ ಒತ್ತಾಯ ಇಲ್ಲದೆ. ಅದು ಲಿಜ್. ಈಗ 'ರಿವರ್ಸ್ ಆಫ್ ಬ್ಯಾಬಿಲಾನ್' ಹಾಕಿ. ಅದೇ ದನಿ. ಆಮೇಲೆ 'ಬೆಲ್‌ಫಾಸ್ಟ್' ಹಾಕಿ. ಇಲ್ಲಿ ದನಿ ಬೇರೆ, ಒರಟು ಜಾಸ್ತಿ, ಎದೆಯಿಂದ ತಳ್ಳಿದ ಹಾಗೆ. ಅದು ಮಾರ್ಷಿಯಾ. ಕೊನೆಗೆ 'ಡ್ಯಾಡಿ ಕೂಲ್'. ಬುಡದಲ್ಲಿ ಗುಮ್ಮೆನ್ನುವ ಗಂಡು ದನಿ ಇದೆಯಲ್ಲ, ಅದು ಫರಿಯಾನ್. ನಾಲ್ಕು ಹಾಡು, ಹದಿನೈದಿಪ್ಪತ್ತು ನಿಮಿಷ. ಒಮ್ಮೆ ಕಿವಿಗೆ ಬಿದ್ದ ಮೇಲೆ ಮೂರು ದನಿಗಳನ್ನೂ ನೀವೇ ಬಿಡಿಸಿ ಹೇಳುತ್ತೀರಿ. ನನ್ನ ಪಾಠ ಬೇಕಾಗುವುದಿಲ್ಲ.

"ಮೂರೇ ದನಿ ಆದರೆ ಕೋರಸ್ ಅಷ್ಟು ದಪ್ಪ ಹೇಗೆ?" ಅಂತ ಕೇಳುವವರೂ ಇದ್ದಾರೆ. ಒಳ್ಳೆ ಪ್ರಶ್ನೆ. ಒಬ್ಬರೇ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಟೇಪಿನ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ತುಂಬುತ್ತಾರೆ, ಆಮೇಲೆ ಒಂದರ ಮೇಲೊಂದು ಕೂಡಿಸುತ್ತಾರೆ. ಒಬ್ಬಳು ಲಿಜ್ ಮೂರು ನಾಲ್ಕು ಲಿಜ್ ಆಗುತ್ತಾಳೆ. ಪ್ರತಿ ಸಲವೂ ಉಸಿರು ಒಂದು ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಕೋರಸ್ ತುಂಬಿಕೊಂಡ ಹಾಗೆ ಕೇಳುವುದು ಆ ಕೂದಲೆಳೆಯಿಂದಲೇ. ಪ್ರತಿ ಪದರವನ್ನೂ ಮನುಷ್ಯರೇ ಹಾಡಬೇಕು, ಶ್ರುತಿ ತಪ್ಪದೆ ಹಾಡಬೇಕು.

ಇನ್ನು ಬಾಬಿಯ ವಿಷಯ. ಅವನು ಅರೂಬಾ ದ್ವೀಪದವನು, ಡ್ಯಾನ್ಸರ್, ಡಿಸ್ಕೊಗಳಲ್ಲಿ ರೆಕಾರ್ಡ್ ಹಾಕುತ್ತಿದ್ದವನು. ಬೋನಿ ಎಂ ಹುಟ್ಟಿದ ಕ್ರಮವನ್ನು ತಿಳಿದುಕೊಂಡರೆ ಅವನು ಯಾಕೆ ಹಾಡಲಿಲ್ಲ ಅನ್ನುವುದು ಅರ್ಥವಾಗುತ್ತದೆ. ಮೊದಲು ತಂಡ, ಆಮೇಲೆ ಹಾಡು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ಆದದ್ದು ತಿರುಗಾಮುರುಗಾ. 1970ರ ದಶಕದ ನಡುವಿನಲ್ಲಿ ಫರಿಯಾನ್ ಒಂದು ಡ್ಯಾನ್ಸ್ ಹಾಡು ಮಾಡಿದ. ಕೆಳದನಿ, ಕೀರಲು ದನಿ ಎರಡನ್ನೂ ತಾನೇ ಹಾಡಿದ. ಆಸ್ಟ್ರೇಲಿಯಾದ ಒಂದು ಪತ್ತೇದಾರಿ ಟೀವಿ ಧಾರಾವಾಹಿಯಲ್ಲಿ ಕಂಡ ಬೋನಿ ಎಂಬ ಹೆಸರನ್ನು ತೆಗೆದುಕೊಂಡು, ಅದಕ್ಕೆ 'ಎಂ' ಸೇರಿಸಿ ರೆಕಾರ್ಡ್ ಬಿಟ್ಟ. ಹಾಡು ಓಡಿತು. ಟೀವಿಯವರು ತಂಡವನ್ನು ಕಳಿಸಿ ಅಂದರು. ತಂಡ ಎಲ್ಲಿದೆ? ಆಗ ಹುಡುಕಿದ್ದು ಈ ಮುಖಗಳನ್ನು. ದನಿ ಮೊದಲು ಬಂದಿತ್ತು, ಕುಣಿಯುವ ದೇಹ ಆಮೇಲೆ ಬಂತು.

ಇದನ್ನು ನಾವು, ಕನ್ನಡ ಸಿನಿಮಾ ನೋಡಿ ಬೆಳೆದವರು, ಎಲ್ಲರಿಗಿಂತ ಸುಲಭವಾಗಿ ಅರ್ಥ ಮಾಡಿಕೊಳ್ಳಬೇಕಿತ್ತು. ಪಿ.ಬಿ. ಶ್ರೀನಿವಾಸ್ ಎಷ್ಟು ವರ್ಷ ರಾಜ್‌ಕುಮಾರ್‌ಗೆ ದನಿಯಾಗಿದ್ದರು! 1974ರಿಂದ ಈಚೆಗೆ ರಾಜ್ ತಾವೇ ಹೆಚ್ಚಾಗಿ ಹಾಡತೊಡಗಿದರು. ಅದಕ್ಕೂ ಮುಂಚೆ ತುಟಿ ಒಬ್ಬರದು, ದನಿ ಇನ್ನೊಬ್ಬರದು. ಯಾರಾದರೂ ಟಾಕೀಸಿನಿಂದ ಹೊರಗೆ ಬಂದು "ಮೋಸ" ಅಂದರಾ? ಇಲ್ಲ. ಎರಡೂ ಕೂಡಿ ಒಂದು ಪಾತ್ರವಾಗುತ್ತದೆ ಅಂತ ನಮಗೆ ಹುಟ್ಟಿನಿಂದಲೇ ಗೊತ್ತು.

ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಪಿಬಿಎಸ್ ಹೆಸರು ರೆಕಾರ್ಡಿನ ಮೇಲೆ ಇರುತ್ತಿತ್ತು, ರೇಡಿಯೊದಲ್ಲಿ ಹಾಡಿಗೂ ಮೊದಲೇ ಹೇಳುತ್ತಿದ್ದರು. ಯುರೋಪಿನ ಟೀವಿಯಲ್ಲಿ ಬಾಬಿ ಮೈಕ್ ಹಿಡಿದು ಬಾಯಾಡಿಸಿದಾಗ ಯಾರೂ ಹಾಗೆ ಬಿಡಿಸಿ ಹೇಳಲಿಲ್ಲ. ಆಗಿನ ಟೀವಿ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಹಾಕಿ ಬಾಯಾಡಿಸುವುದು ಮಾಮೂಲಿ ಪದ್ಧತಿ, ನಿಜವಾಗಿ ಹಾಡಿದವರೂ ಹಾಗೇ ಮಾಡುತ್ತಿದ್ದರು. ಆದರೂ ತಕರಾರು ಮಾಡುವುದಿದ್ದರೆ ಅದು ಹೆಸರಿನ ತಕರಾರು. ಹಾಡಿನ ಮೇಲೆ ತಕರಾರಿಲ್ಲ. ಲಿಜ್ ಮೇಲಂತೂ ಖಂಡಿತ ಇಲ್ಲ. ಬಾಬಿ ಕೂಡ ವೇದಿಕೆಯ ಕಾರ್ಯಕ್ರಮಗಳಲ್ಲಿ ತನ್ನ ದನಿಯಲ್ಲೇ ಹಾಡಿದವನು. 2010ರ ಡಿಸೆಂಬರ್ 30ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡಾಗಲೂ ಕಾರ್ಯಕ್ರಮ ಕೊಡಲೆಂದೇ ಅಲ್ಲಿಗೆ ಹೋಗಿದ್ದ. ಫರಿಯಾನ್ ಹೋದದ್ದು 2024ರ ಜನವರಿಯಲ್ಲಿ.

ಈಗ ಆಲ್ಬಮ್‌ಗೆ ಬರೋಣ. 'ಕ್ರಿಸ್‌ಮಸ್ ಆಲ್ಬಮ್' ಬಂದದ್ದು 1981ರಲ್ಲಿ. ಆದರೆ ಅದರಲ್ಲಿರುವ 'ಮೇರೀಸ್ ಬಾಯ್ ಚೈಲ್ಡ್' ಮೂರು ವರ್ಷ ಹಳೆಯದು. 1978ರ ಕ್ರಿಸ್‌ಮಸ್‌ಗೆ ಅದು ಬ್ರಿಟನ್‌ನಲ್ಲಿ ಒಂದನೇ ಸ್ಥಾನದಲ್ಲಿತ್ತು, ಅಲ್ಲಿ 18 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. 1981ರ ಹೊತ್ತಿಗೆ ಡಿಸ್ಕೊ ಕಾಲ ಇಳಿಯುತ್ತಿತ್ತು, ಬ್ರಿಟನ್‌ನಲ್ಲಿ ತಂಡದ ಮೊದಲಿನ ಅಬ್ಬರ ಉಳಿದಿರಲಿಲ್ಲ. ಆದರೆ ಹಬ್ಬದ ಹಾಡಿಗೆ ಒಂದು ಅನುಕೂಲ ಇದೆ. ಬೇರೆ ಹಾಡುಗಳಿಗೆ ಒಂದೇ ಸೀಸನ್, ಇದಕ್ಕೆ ವರ್ಷಕ್ಕೊಂದು ಸೀಸನ್. ನಮ್ಮಲ್ಲಿ, ದಕ್ಷಿಣ ಆಫ್ರಿಕಾದಲ್ಲಿ, ಡಿಸೆಂಬರ್‌ನ ಅಂಗಡಿಗಳಲ್ಲಿ ಇವತ್ತಿಗೂ ಇದೇ ಕೇಳಿಸುತ್ತದೆ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಕ್ಷತ್ರ ಕೊಳ್ಳಲು ಹೋದರೆ ಲಿಜ್ ದನಿ ಕೇಳದೆ ವಾಪಸ್ ಬಂದವರಿದ್ದಾರಾ?

ನಮಗೆ ಇಷ್ಟವಾಗಲು ಕಾರಣವೂ ಕಷ್ಟದ್ದಲ್ಲ. ತಾಳ ನೇರ, ಚಪ್ಪಾಳೆ ತಟ್ಟಬಹುದು. ಉಚ್ಚಾರ ಬಿಡಿಬಿಡಿ, ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಪದ ಸಿಗುತ್ತದೆ. ಲಿಜ್, ಮಾರ್ಷಿಯಾ ಇಬ್ಬರೂ ಜಮೈಕಾದಲ್ಲಿ ಹುಟ್ಟಿದವರು. ಆ ದ್ವೀಪದ ಬಿಸಿಲು ಹಾಡಿನೊಳಗೆ ಇದೆ. ಹಿಮ ಕಂಡಿಲ್ಲದ ನಮಗೆ ಹಿಮದ ಹಾಡುಗಳು ಹತ್ತಿರವಾದದ್ದು ಹಾಗೆ ಅಂತ ನನ್ನ ನಂಬಿಕೆ.

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 'ಮೇರೀಸ್ ಬಾಯ್ ಚೈಲ್ಡ್' ಬೋನಿ ಎಂ ಅವರ ಸ್ವಂತ ಹಾಡಲ್ಲ. ಅದನ್ನು 1956ರಲ್ಲಿ ಬರೆದವರು ಜೆಸ್ಟರ್ ಹೇರ್‌ಸ್ಟನ್ ಎಂಬ ಕರಿಯ ಅಮೆರಿಕನ್ ಸಂಗೀತಗಾರರು, ಕಾಯಿರ್ ನಡೆಸುತ್ತಿದ್ದವರು. ಆ ರಾಗವನ್ನು ಅವರು ಮೊದಲು ಕಟ್ಟಿದ್ದು ಒಂದು ಹುಟ್ಟುಹಬ್ಬದ ಪಾರ್ಟಿಗೆ. ಆಮೇಲೆ ಅದೇ ರಾಗಕ್ಕೆ ಇನ್ನೊಬ್ಬನ ಹುಟ್ಟುಹಬ್ಬದ ಮಾತು ಕೂತಿತು. ಹ್ಯಾರಿ ಬೆಲಫಾಂಟೆ ಹಾಡಿ 1957ರಲ್ಲೇ ಬ್ರಿಟನ್‌ನಲ್ಲಿ ಒಂದನೇ ಸ್ಥಾನಕ್ಕೆ ಒಯ್ದಿದ್ದರು. ಒಂದೇ ಹಾಡು, 21 ವರ್ಷದ ಅಂತರದಲ್ಲಿ ಎರಡು ಸಲ ಕ್ರಿಸ್‌ಮಸ್‌ನ ಒಂದನೇ ಹಾಡು.

ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ಬಹಳ ಜನ 'ರಿವರ್ಸ್ ಆಫ್ ಬ್ಯಾಬಿಲಾನ್' ಕೂಡ ಇದೇ ಆಲ್ಬಮ್‌ನದು, ಕ್ರಿಸ್‌ಮಸ್ ಹಾಡು ಅಂದುಕೊಂಡಿದ್ದಾರೆ. ಅಲ್ಲ. ಅದು 1978ರ ಬೇರೆ ಆಲ್ಬಮ್‌ನದು. ಜಮೈಕಾದ ಮೆಲೋಡಿಯನ್ಸ್ ತಂಡ 1970ರಲ್ಲಿ ಹಾಡಿದ್ದ ಹಾಡು. ಮಾತು ಬೈಬಲ್‌ನ ಕೀರ್ತನೆಗಳು ಪುಸ್ತಕದ್ದು, 137ನೆಯ ಕೀರ್ತನೆ. ನಡುವಿನ ಕೆಲವು ಸಾಲುಗಳು 19ನೆಯ ಕೀರ್ತನೆಯವು. ಸೆರೆ ಹಿಡಿದವರು "ನಿಮ್ಮ ಊರಿನ ಹಾಡು ಹಾಡಿ" ಅಂತ ಸೆರೆಯವರನ್ನು ಕೇಳುತ್ತಾರೆ. ಪರದೇಶದಲ್ಲಿ ಕೂತು ದೇವರ ಹಾಡನ್ನು ಹೇಗೆ ಹಾಡುವುದು ಅಂತ ಅವರು ಅಳುತ್ತಾರೆ. ಕಥೆ ಇಷ್ಟೇ. ಇದರಲ್ಲಿ ಗೋದಲಿಯೂ ಇಲ್ಲ, ನಕ್ಷತ್ರವೂ ಇಲ್ಲ.

ಈ ಗೊಂದಲ ಎಲ್ಲಿ ಶುರುವಾಯಿತು ಅಂತ ನನ್ನ ಮಟ್ಟಿಗೆ ಹೇಳಬಲ್ಲೆ. ಮಂಗಳೂರಿನಲ್ಲಿ ನಮ್ಮದು ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟು. ಚೀಟಿಯಲ್ಲಿ ಹಾಡು ಬರೆದುಕೊಟ್ಟರೆ ಎರಡು ದಿನ ಬಿಟ್ಟು ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಕ್ರಿಸ್‌ಮಸ್ ಹಾಡು ಮುಗಿದರೂ ಬಿ ಸೈಡಿನಲ್ಲಿ ಟೇಪು ಉಳಿದಿತ್ತು. ಅಂಗಡಿಯವರು ಅಲ್ಲಿಗೆ ಈ ಹಾಡನ್ನು ಹಾಕಿದ್ದರು.

ಪಕ್ಕದ ಮನೆಯ ಬಾಯಮ್ಮನಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡುವ ದಿನ ನಮ್ಮದನ್ನು ನಾನು ಅವರ ಅಡುಗೆಮನೆಗೆ ಒಯ್ಯುತ್ತಿದ್ದೆ. ಅವರು ಕಿಡಿಯೊ ಮಾಡುತ್ತಿದ್ದರು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಲ್ಲಿ ಎಳೆದರೆ ಗೆರೆಗೆರೆಯಾಗಿ ಸುರುಳಿ ಬೀಳುತ್ತಿತ್ತು. ಹಾಡುಗಳು ಒಂದಾದ ಮೇಲೊಂದು ಹೋಗಿ ಕೊನೆಯದು ಬಂತು. ನಾನು ಬಾಗಿಲ ಹತ್ತಿರ ನಿಂತು ಕುಣಿಯತೊಡಗಿದೆ. ಬಾಯಮ್ಮನ ಹೆಬ್ಬೆರಳು ಅಲ್ಲೇ ನಿಂತಿತು.

"ಇದು ಹಬ್ಬದ್ದಲ್ಲ ಮಗಾ," ಅಂದರು. "ಇದು ಕೂಗುವವರ ಪದ್ಯ."

ನಮ್ಮ ಕಡೆ ಕೂಗುವುದು ಅಂದರೆ ಅಳುವುದು. ನಾನು ಕುಣಿಯುವುದನ್ನು ಬಿಟ್ಟು ಟೇಪ್ ಆಫ್ ಮಾಡಲು ಹೋದೆ.

"ಇರ್ಲಿ, ಇರ್ಲಿ. ತೆಗಿಬೇಡ," ಅಂದರು ಬಾಯಮ್ಮ. ಮುಗಿದ ಮೇಲೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೊಂದನ್ನು ಇನ್ನೊಂದು ಸಲ ಹಾಕು ಅಂದರು.