ಲಾಕ್‌ಡೌನ್ ತೆಗೆದ ಮೇಲೂ ದಾವಣಗೆರೆಯ ವ್ಯಾಪಾರ ಯಾಕೆ ಬೇಗ ಕುದುರಲಿಲ್ಲ?

ಓದುಗರ ಪ್ರಶ್ನೆ: 2020ರ ಜೂನ್ ಹೊತ್ತಿಗೆ ನಮ್ಮೂರಲ್ಲಿ ಬಹುತೇಕ ಅಂಗಡಿಗಳು ತೆರೆದಿದ್ದವು. ಹೊಲದ ಕೆಲಸವೂ ನಿಂತಿರಲಿಲ್ಲ. ಆದರೂ ಜನರ ಕೈಯಲ್ಲಿ ದುಡ್ಡು ಯಾಕೆ ಇರಲಿಲ್ಲ?

ಯಾಕೆಂದರೆ ಅಂಗಡಿ ತೆರೆದಿತ್ತು, ಆದರೆ ಜನ ಸೇರುವುದು ಶುರುವಾಗಿರಲಿಲ್ಲ. ನಮ್ಮ ಕಡೆ ಮದುವೆ, ಜಾತ್ರೆ, ಸಂತೆ, ಕಾಲೇಜು ಇದ್ದರೇ ದುಡ್ಡು ಕೈಯಿಂದ ಕೈಗೆ ಹೋಗುವುದು.

ಮದುವೆಯನ್ನೇ ನೋಡಿ. 50 ಜನಕ್ಕಿಂತ ಜಾಸ್ತಿ ಸೇರಬಾರದು ಅಂದರು. ರೋಗ ತಡೆಯಲು ಅದು ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಡುಗೆಯವರು, ಬಡಿಸುವ ಹುಡುಗರು, ಶಾಮಿಯಾನದವರು, ವಾಲಗದವರು, ಫೋಟೋದವರು, ದಿಬ್ಬಣಕ್ಕೆ ಬಸ್ ಬಿಡುವವರು, ಇವರೆಲ್ಲ ವರ್ಷದ ಖರ್ಚಿಗೆ ನಂಬಿಕೊಂಡಿದ್ದು ಬೇಸಿಗೆಯ ಆ ಮೂರು ತಿಂಗಳನ್ನೇ ಅಲ್ವಾ? 2020ರ ಸೀಸನ್ ಹೋಯಿತು. ಹೋಗಲಿ, ಮುಂದಿನ ವರ್ಷ ನೋಡೋಣ ಅಂದುಕೊಂಡರೆ 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಂದ್ ಆಯಿತು. ಮದುವೆ, ಜಾತ್ರೆ ಇಲ್ಲ ಅಂದ ಮೇಲೆ ಹೂವು ಯಾರಿಗೆ ಬೇಕು? ಎಷ್ಟೋ ರೈತರು ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಹೂವಿನ ಹೊಲಕ್ಕೇ ಟ್ರ್ಯಾಕ್ಟರ್ ಹೊಡೆದರು. 2020ರಲ್ಲಿ ಸರ್ಕಾರ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತ್ತು.

ಮೆಕ್ಕೆಜೋಳದ ಕಥೆ ಇನ್ನೂ ನೋವಿನದು. ಲಾಕ್‌ಡೌನ್‌ಗೂ ಮೊದಲೇ, ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಮೊಬೈಲ್‌ಗಳಲ್ಲಿ ಸುಳ್ಳು ಸುದ್ದಿ ಹರಿದಾಡಿತು. ಜನ ಕೋಳಿ ಕೊಳ್ಳುವುದು ಬಿಟ್ಟರು, ಫಾರಂನವರು ಮರಿ ಬಿಡುವುದು ಕಡಿಮೆ ಮಾಡಿದರು, ಕೋಳಿ ಆಹಾರಕ್ಕೆ ಬೇಡಿಕೆ ಬಿತ್ತು. ಆ ಆಹಾರದ ಮುಖ್ಯ ಸರಕು ನಮ್ಮ ಮೆಕ್ಕೆಜೋಳ. ಕ್ವಿಂಟಲ್‌ಗೆ 1,760 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಇಳಿಯಿತು. ಆ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಿದವರಿಗೆ, ಅದರ ಪೆಟ್ಟು ಜಗಳೂರಿನ ರೈತನಿಗೂ ಬೀಳುತ್ತೆ ಅಂತ ಗೊತ್ತೇ ಇರಲಿಲ್ಲ.

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಕುಸಿದರೂ ಕೃಷಿ ಮಾತ್ರ ಬೆಳೆದಿತ್ತು. ಲೆಕ್ಕದಲ್ಲಿ ಅದು ನಿಜ. ಬೆಳೆ ಬಂದಿದ್ದಕ್ಕೂ ಬೆಲೆ ಸಿಕ್ಕಿದ್ದಕ್ಕೂ ಇರುವ ಅಂತರ ಆ ಅಂಕಿಯಲ್ಲಿ ಕಾಣುವುದಿಲ್ಲ.

ಪೇಟೆ ಒಳಗೆ ಹೊಡೆತ ಕೊಟ್ಟಿದ್ದು ಕಾಲೇಜು. ದಾವಣಗೆರೆಗೆ ಮೆಡಿಕಲ್, ಎಂಜಿನಿಯರಿಂಗ್ ಓದಲು ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಕ್ಲಾಸು ಆನ್‌ಲೈನ್ ಆದಾಗ ಹಾಸ್ಟೆಲ್, ಪಿಜಿ ಖಾಲಿ. ಬೆಣ್ಣೆದೋಸೆ ಹೋಟೆಲು, ಮಂಡಕ್ಕಿ ಮಿರ್ಚಿ ಗಾಡಿ, ಜೆರಾಕ್ಸ್ ಅಂಗಡಿ, ಆಟೋ, ಎಲ್ಲರ ಗಿರಾಕಿಯೂ ಆ ಹುಡುಗರೇ ಆಗಿದ್ದರು.

ಇನ್ನು ದುಡ್ಡು ಇದ್ದವರೂ ಖರ್ಚು ಮಾಡಲಿಲ್ಲ. ನಾಳೆ ಆಸ್ಪತ್ರೆಗೆ ಸೇರಬೇಕಾದರೆ ಅನ್ನುವ ಭಯ. ಅದು ತಪ್ಪಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ದರ್ಜಿಗೆ ಬಟ್ಟೆ ಬರುವುದಿಲ್ಲ, ಗಾರೆ ಕೆಲಸದವರಿಗೆ ಮನೆ ಕೆಲಸ ಸಿಗುವುದಿಲ್ಲ.

ಕೊನೆಗೆ ಸಾಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಕೈಸಾಲ ಮಾಡಿದವರಿಗಂತೂ ಆ ಆರು ತಿಂಗಳ ರಿಯಾಯಿತಿಯೂ ಇರಲಿಲ್ಲ. ಹಾಗಾಗಿ ಗಿರಾಕಿ ವಾಪಸ್ ಬಂದ ಮೇಲೂ ಸಣ್ಣ ವ್ಯಾಪಾರಿಯ ದುಡಿಮೆಯಲ್ಲಿ ದೊಡ್ಡ ಪಾಲು ಹಳೇ ಬಾಕಿಗೇ ಹೋಗುತ್ತಿತ್ತು.